ಎಡಗಡೆಯ ಸೀಟು

ಮುಡೋನ್,
ತಬೋದ್ವೆ ಮಾಸ, ಹುಣ್ಣಿಮೆಗೆ ಮುಂಚಿನ ವಾರ, ೨೦೦೬

ಮಗಳು ನ್ವೇ ನ್ವೇಗೆ ತ್ರಿರತ್ನಗಳ ರಕ್ಷೆ ಇರಲಿ.

ನಿನ್ನ ಎರಡೂ ಪತ್ರಗಳು ತಲುಪಿವೆ. ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದು ನನ್ನ ತಪ್ಪು. ಆದರೆ ಎರಡನೆಯದರಲ್ಲಿ ‘ಅಮ್ಮನಿಗೆ ಮೈಗೆ ಹುಷಾರಿಲ್ಲವೇ’ ಎಂದು ಕೇಳಿದ್ದು ನಿನ್ನ ತಪ್ಪು. ನನಗೇನೂ ಆಗಿಲ್ಲ. ಇಲ್ಲಿ ಸಾಲುಗಳು ಮೇಲೆ ಕೆಳಗೆ ಓಡಿದ್ದರೆ ಅದು ಕಾಗದದ ದೋಷ. ಗೆರೆ ಎಳೆದಿದ್ದಾರೋ ಇಲ್ಲವೋ ಗೊತ್ತಾಗದ ಪುಸ್ತಕಗಳನ್ನು ಈಗ ಮಾರುತ್ತಿದ್ದಾರೆ. ಎಲ್ಲ ವಸ್ತುಗಳೂ ಹಾಗೇ ಆಗಿವೆ. ಅಕ್ಕಿಯಲ್ಲಿ ಕಲ್ಲು ಹೆಚ್ಚಿದೆ, ಸೂಜಿಯ ಕಣ್ಣು ಸಣ್ಣದಾಗಿದೆ, ಲಾರಿಗಳಿಗೆ ಬಣ್ಣ ಬಳಿಯುವುದನ್ನೇ ಬಿಟ್ಟಿದ್ದಾರೆ. ಎಲ್ಲವೂ ರಸ್ತೆಯ ಧೂಳಿನ ಬಣ್ಣ.

ನಿನ್ನ ಅಪ್ಪನ ವರ್ಷದ ದಾನ ಚೆನ್ನಾಗಿ ನಡೆಯಿತು. ಭಿಕ್ಷುಗಳು ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ಸೊಸೆ ಯೀಮೊನ್ ಮಾಡಿದ ಮೀನಿನ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ನಾನು ಹೇಳಲಿಲ್ಲ, ಬರೀ ನೀರು ಕುಡಿದೆ. ಅವಳಿಗೆ ಅರ್ಥವಾಯಿತು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನಿನ್ನ ತಮ್ಮ ಪೈಂಗ್ ಸೋ ಹೇಡಿಯಾಗಿದ್ದಾನೆ.

ನೀನು ಯಾಂಗೋನಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು ಕೂತವಳು, ಮೌಲಮೈನಿಗೆ ಜನ ಒಯ್ಯುವ ನಮ್ಮ ಗಾಡಿಯ ಕಷ್ಟ ಮರೆತಿರಬಹುದು. ನೀನು ಹುಟ್ಟಿದ ವರ್ಷ ಸರ್ಕಾರ ಒಂದು ಬೆಳಿಗ್ಗೆ ‘ಇನ್ನು ಮೇಲೆ ಎಲ್ಲರೂ ರಸ್ತೆಯ ಬಲಕ್ಕೆ ಓಡಿಸಿ’ ಎಂದು ಆಜ್ಞೆ ಮಾಡಿತು. ರಸ್ತೆ ಬದಲಾಯಿತು, ಗಾಡಿ ಬದಲಾಗಲಿಲ್ಲ. ಸ್ಟೇರಿಂಗ್ ಅಂದಿನ ಹಾಗೆ ಇಂದೂ ಬಲಗಡೆಯೇ ಇದೆ. ಮುಂದೆ ಲಾರಿ ಹೋಗುತ್ತಿದ್ದರೆ ಓಡಿಸುವವನಿಗೆ ಕಾಣುವುದು ಅದರ ಬೆನ್ನು ಮಾತ್ರ. ಎದುರಿಗೆ ಏನು ಬರುತ್ತಿದೆ ಎಂದು ಕಾಣುವುದು ಎಡಗಡೆಯ ಸೀಟಿನಲ್ಲಿ ಕೂತವರಿಗೆ. ಅವರು ಕತ್ತು ಹೊರಗೆ ಚಾಚಿ ನೋಡಿ ಹೇಳಬೇಕು, ಆಮೇಲೆ ಇವನು ದಾಟಬೇಕು. ನಿನ್ನ ಅಪ್ಪ ಬದುಕಿದ್ದಷ್ಟು ದಿನವೂ ಆ ಸೀಟಿನಲ್ಲಿ ನಾನಿದ್ದೆ. ಬಸುರಿಯಾಗಿದ್ದಾಗಲೂ ಇದ್ದೆ. ನಾನು “ನುಗ್ಗು!” ಅಂದರೆ ಅವರು ನುಗ್ಗುತ್ತಿದ್ದರು, ನನ್ನ ಬಾಯಿ ಮುಚ್ಚುವುದರೊಳಗೆ ಲಾರಿ ಹಿಂದೆ ಬಿದ್ದಿರುತ್ತಿತ್ತು. ಗಾಡಿಗಳು ಜನ ಹತ್ತಿಸಿಕೊಳ್ಳುವ ಗೇಟಿನಲ್ಲಿ ಬೇರೆ ಚಾಲಕರು ಕಿಚಾಯಿಸುತ್ತಿದ್ದರು: “ಏನ್ ಗುರುವೇ, ಗಾಡಿ ನಿಂದೋ, ಮನೆಯವರದೋ?” ಅವರು ವೀಳ್ಯ ಅಗಿಯುತ್ತಾ ಹೇಳುತ್ತಿದ್ದರು: “ಗಾಡಿ ನಂದು. ಕಣ್ಣು ಅವಳದು.”

ಅಂಥವರ ಮಗ ಇವನು. ಮಳೆಗಾಲದ ವರ್ಷಾವಾಸ ಮುಗಿದ ಹೊಸದರಲ್ಲಿ, ನಾನು “ನುಗ್ಗು” ಅಂದು ಇವನು ದಾಟುತ್ತಿದ್ದಾಗ, ಒಬ್ಬ ಲಾರಿಯವನು ದೀಪ ಇಲ್ಲದೆ ಕಳ್ಳನ ಹಾಗೆ ಎದುರಿಗೆ ಬಂದ. ಪೈಂಗ್ ಸೋ ಗಾಡಿಯನ್ನು ಮತ್ತೆ ಒಳಗೆ ಎಳೆದುಕೊಂಡ, ಛಾವಣಿಯ ಮೇಲಿದ್ದ ಬುಟ್ಟಿಗಳು ಉರುಳಿದವು, ಅಷ್ಟೇ. ತಪ್ಪು ಲಾರಿಯವನದು. ಅಂದಿನಿಂದ ಇವನು ಯಾವ ಗಾಡಿಯನ್ನೂ ದಾಟುತ್ತಿಲ್ಲ. ಕಬ್ಬಿನ ಲಾರಿ ಹಿಂದೆ ಕಬ್ಬಿನ ಲಾರಿಯಂತೆ, ಎತ್ತಿನ ಗಾಡಿ ಹಿಂದೆ ಎತ್ತಿನಂತೆ ಹೋಗುತ್ತಾನೆ. “ಅಮ್ಮ, ಆಗುತ್ತಾ?” ಎಂದು ಕೇಳುತ್ತಾನೆ. “ನುಗ್ಗು” ಅನ್ನುತ್ತೇನೆ. “ಸರಿ ಅಮ್ಮ” ಅನ್ನುತ್ತಾನೆ, ನುಗ್ಗುವುದಿಲ್ಲ. ಒಂದು ದಿನ ಬ್ರೇಕು ಸರಿಯಿಲ್ಲ, ಒಂದು ದಿನ ಮಂಜು, ಒಂದು ದಿನ ಟೈರು.

ಮೊನ್ನೆ ಮೌಲಮೈನಿಗೆ ಹೊರಟಿದ್ದ ಹೊಸಬನೊಬ್ಬ ಹಿಂದಿನ ಬೆಂಚಿನಿಂದ ಕೂಗಿದ: “ದೊಡ್ಡಮ್ಮ, ನಾನು ಮದುವೆ ಊಟಕ್ಕೆ ಹೊರಟವನು. ಹಿಂಗೇ ಹೋದ್ರೆ ಮಗು ನಾಮಕರಣಕ್ಕೆ ತಲುಪ್ತೀನಿ!” ನನಗೆ ನಾಚಿಕೆಯಾಯಿತು. ಆದರೆ ದಿನವೂ ಬರುವ, ಮೀನು ಮಾರುವ ದೋ ಪೂ ಅವನ ಮೇಲೆ ಹರಿಹಾಯ್ದಳು: “ಬಾಯ್ಮುಚ್ಕೊಂಡು ಕೂತ್ಕೋ ಮಾರಾಯ. ಜೀವ ಇದ್ರೆ ತಾನೇ ಊಟ?” ಇದೇ ದೋ ಪೂ ನಿನ್ನ ಅಪ್ಪನ ಕಾಲದಲ್ಲಿ “ಇನ್ನೂ ಜೋರಾಗಿ, ಮೀನು ಹಳಸುತ್ತೆ” ಎಂದು ಛಾವಣಿ ಬಡಿಯುತ್ತಿದ್ದವಳು. ಜನ ಮುದುಕರಾದಂತೆ ಧೈರ್ಯ ಕಳೆದುಕೊಳ್ಳುತ್ತಾರೆ.

ಇನ್ನೊಂದು ಕೇಳು. ಹೋದ ತಿಂಗಳು ಅವನು ಒಂದು ದೊಡ್ಡ ಕನ್ನಡಿ ತಂದು ಗಾಡಿಯ ಎಡಗಡೆ ಮೂಲೆಗೆ ಬಿಗಿದ. ಅದರಲ್ಲಿ ಎದುರಿನ ದಾರಿ ತನಗೆ ಸ್ವಲ್ಪ ಕಾಣುತ್ತದಂತೆ. “ನಾನು ಸತ್ತ ಮೇಲೆ ಹಾಕ್ಕೋ” ಎಂದು ಆ ಸಂಜೆಯೇ ಬಿಚ್ಚಿಸಿದೆ. ಅವನು ಎದುರು ಮಾತಾಡಲಿಲ್ಲ. ಎದುರು ಮಾತಾಡಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಸ್ವಲ್ಪ ತಡೆ, ಒಲೆಯ ಮೇಲೆ ನೀರು ಇಟ್ಟಿದ್ದೆ.

ಇಳಿಸಿ ಬಂದೆ. ಈಗೀಗ ಒಂದು ಕಡೆ ಕೂರಲು ಆಗುತ್ತಿಲ್ಲ. ಕೂತರೆ ಏಳಬೇಕು ಅನಿಸುತ್ತದೆ, ಎದ್ದರೆ ಯಾಕೆ ಎದ್ದೆ ಎಂದು ಮರೆಯುತ್ತದೆ.

ನಮ್ಮ ಲೈನಿನ ಚಾಲಕರಿಗೆಲ್ಲ ಗೇಟಿನ ಚಹಾದಂಗಡಿಯಲ್ಲಿ ರಸ್ತೆ ಪಾಠ ಮಾಡಿಸಿದರು. ಮೌಲಮೈನಿನಿಂದ ಒಬ್ಬ ಹುಡುಗ ಅಧಿಕಾರಿ ಬಂದಿದ್ದ, ಕೋ ಚಿಟ್ ಸ್ವೆ ಅಂತ. ಇಸ್ತ್ರಿ ಮಾಡಿದ ಲುಂಗಿ, ಕೈಯಲ್ಲಿ ಕೋಲು. ನಾನೂ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಅವನು ಕೇಳಿದ: “ಮುಂದಿನ ಗಾಡಿಗೂ ನಮಗೂ ಎಷ್ಟು ದೂರ ಇರ್ಬೇಕು?”

ಹಿಂದಿನಿಂದ ಒಬ್ಬ: “ಅವನು ಉಗಿದ ವೀಳ್ಯ ನಮ್ಮ ಗಾಜಿಗೆ ಬೀಳದಷ್ಟು!”

“ನಿದ್ದೆ ಬಂದ್ರೆ ಏನ್ ಮಾಡ್ಬೇಕು?”

“ಇನ್ನೊಂದು ವೀಳ್ಯ ಹಾಕ್ಬೇಕು.”

“ಅಲ್ಲ. ಗಾಡಿ ಪಕ್ಕಕ್ಕೆ ಹಾಕಿ ಮಲಗಬೇಕು.”

“ಸಾರ್, ಗಾಡಿ ನಿಲ್ಲಿಸಿದ್ರೆ ಛಾವಣಿ ಮೇಲಿರೋರು ಇಳಿದು ಬಂದು ಎಬ್ಬಿಸ್ತಾರೆ, ಒದ್ದು.”

ಎಲ್ಲರೂ ನಕ್ಕರು, ಹುಡುಗನೂ ನಕ್ಕ. ತಿರುವಿನಲ್ಲಿ ದಾಟಬಾರದು, ಸೇತುವೆಯ ಮೇಲೆ ದಾಟಬಾರದು, ಅನುಮಾನ ಇದ್ದರೆ ದಾಟಲೇಬಾರದು ಎಂದೆಲ್ಲ ಹೇಳಿದ. ಆಮೇಲೆ ಕೇಳಿದ: “ಎಡಗಡೆ ಸೀಟಲ್ಲಿ ಕೂತು ದಾರಿ ಹೇಳೋರ ಕಣ್ಣು ಪರೀಕ್ಷೆ ಮಾಡ್ಸಿದೀರಾ? ಓಡಿಸೋನಿಗೆ ಲೈಸೆನ್ಸ್ ಕೇಳ್ತೀವಿ. ನಿಜವಾಗಿ ದಾರಿ ನೋಡೋರಿಗೆ ಏನೂ ಕೇಳಲ್ಲ.”

ಅಷ್ಟು ಹೊತ್ತು ಗಲಾಟೆ ಮಾಡುತ್ತಿದ್ದವರು ಚಹಾದ ಬಟ್ಟಲು ನೋಡುತ್ತಾ ಕೂತರು. ನಾನೇ ಎದ್ದು ನಿಂತೆ. “ಮಗಾ, ನಿಮ್ಮಪ್ಪ ಸೈಕಲ್ ಕಲೀತಿದ್ದಾಗ ನಾನು ಈ ದಾರಿ ನೋಡ್ತಿದ್ದೆ. ನನ್ನ ಕಣ್ಣಿಗೆ ಲೈಸೆನ್ಸ್ ನೀನು ಕೊಡ್ತೀಯಾ?” ಅಂದೆ. ಅವನು ಕೈ ಮುಗಿದು, “ಇಲ್ಲ ದೊಡ್ಡಮ್ಮ, ಸುಮ್ನೆ ಕೇಳ್ದೆ” ಅಂದ. ಪೈಂಗ್ ಸೋ ಅಷ್ಟರಲ್ಲಿ ಹೊರಗೆ ಹೋಗಿ ಗಾಡಿಯ ಗಾಜು ಒರೆಸುತ್ತಿದ್ದ. ಗಾಜು ಸ್ವಚ್ಛವಾಗಿಯೇ ಇತ್ತು.

ಆ ಸಂಜೆ ಸೊಸೆ ಶುರುಮಾಡಿದಳು. ಅವಳೂ ಮೌಲಮೈನಿನ ಪೇಟೆಯಲ್ಲಿ ತರಕಾರಿ ಮಾರಲು ದಿನವೂ ನಮ್ಮ ಗಾಡಿಯಲ್ಲೇ ಬರುತ್ತಾಳೆ, ಹಿಂದಿನ ಬೆಂಚಿನಲ್ಲಿ.

“ಅತ್ತೆ, ಹುಣ್ಣಿಮೆ ಆದ್ಮೇಲೆ ವಿಹಾರದಲ್ಲಿ ಕಣ್ಣಿನ ಡಾಕ್ಟ್ರು ಬರ್ತಾರಂತೆ. ದುಡ್ಡೇನೂ ಇಲ್ವಂತೆ.”

“ಹಾಗಾದ್ರೆ ನಿಮ್ಮಮ್ಮನ್ನ ಕರ್ಕೊಂಡ್ ಹೋಗು.”

“ನಮ್ಮಮ್ಮ ಹೋದ ವರ್ಷನೇ ಮಾಡ್ಸಿದ್ರು.”

ನೋಡು, ಎಂಥ ಉತ್ತರ! ನಾನು ಮಗನನ್ನು ಕರೆದು ನೇರವಾಗಿ ಕೇಳಿದೆ: “ನಿನ್ನ ಹೆಂಡ್ತಿಗೆ ನನ್ನ ಸೀಟು ಬೇಕಾ?”

“ಅಯ್ಯೋ, ಆ ಸೀಟಿಗೆ ಯಾರಮ್ಮ ಆಸೆ ಪಡ್ತಾರೆ? ಬಿಸಿಲು, ಧೂಳು.”

“ಬಿಸಿಲಲ್ಲಿ ನಿಮ್ಮಪ್ಪನ ಪಕ್ಕ ಕೂತು ಎರಡು ಮಕ್ಕಳನ್ನ ಸಾಕಿದೀನಿ. ನಿನಗೆ ಎದೆ ಇಲ್ಲದಿದ್ರೆ ಸ್ಟೇರಿಂಗ್ ಬಿಡು. ಗಂಡಸರು ಯಾರಾದ್ರೂ ಓಡಿಸ್ತಾರೆ.” ಹೆಂಡತಿಯ ಮುಂದೆಯೇ ಅಂದೆ. ಅವನು ತಲೆ ತಗ್ಗಿಸಿ, “ಊಟ ಮಾಡಮ್ಮ” ಅಂದ.

ಆದ್ದರಿಂದ ನೀನು ಅಕ್ಕನಾಗಿ ಅವನಿಗೆ ಒಂದು ಕಟುವಾದ ಪತ್ರ ಬರೆಯಬೇಕು. ಅಪ್ಪ ಹೇಗೆ ಓಡಿಸುತ್ತಿದ್ದರು ಎಂದು ನೆನಪಿಸು. ಎಡಗಡೆಯ ಸೀಟು ಅಮ್ಮನದು, ಅವಳು ಹೇಳಿದಾಗ ನುಗ್ಗಬೇಕು ಎಂದು ಬರೆ. ನಿನ್ನ ಮಾತು ಅವನು ಮೀರುವುದಿಲ್ಲ.

ಹುಣ್ಣಿಮೆಗೆ ಎಳ್ಳು, ಕೊಬ್ಬರಿ, ಶೇಂಗಾ ಹಾಕಿ ಅಂಟು ಅಕ್ಕಿಯ ಅನ್ನ ಮಗುಚುತ್ತೇವೆ. ನಿನ್ನ ಪಾಲು ಬಾಳೆಲೆಯಲ್ಲಿ ಕಟ್ಟಿ ಈ ಪತ್ರದ ಜೊತೆ ಕಳಿಸುತ್ತೇನೆ. ಅಳಿಯನಿಗೂ ಕೊಡು, ಎಲ್ಲವನ್ನೂ ನೀನೇ ತಿನ್ನಬೇಡ. ನಿಮ್ಮ ಮನೆಗೆ ಬೆಂಕಿಯ ಭಯ, ನೀರಿನ ಭಯ, ರಾಜಭಯ ಬಾರದಿರಲಿ. ಮೈಯಲ್ಲಿ ಸುಖ, ಮನಸ್ಸಿನಲ್ಲಿ ಶಾಂತಿ ಇರಲಿ.

ನಿನ್ನ ತಾಯಿ,
ದೋ ಮ್ಯಾ ಸೇನ್

ತಾ.ಕ. ಪತ್ರ ಒಯ್ಯುವವರು ಹುಣ್ಣಿಮೆ ಕಳೆದು ಹೊರಡುತ್ತಾರಂತೆ. ಹಾಗಾಗಿ ಇದು ಇನ್ನೂ ನನ್ನ ಬಳಿಯೇ ಇದೆ. ಹರಿದು ಹಾಕೋಣ ಅನಿಸಿತು. ಬೇಡ, ಇದನ್ನೂ ಓದು.

ನಿನ್ನೆ ಮಧ್ಯಾಹ್ನ ಮೌಲಮೈನಿನಿಂದ ಹಿಂದಿರುಗುತ್ತಿದ್ದೆವು. ಮಂಜು ಇರಲಿಲ್ಲ, ಬಿಸಿಲು ಚೆನ್ನಾಗಿತ್ತು. ಮುಂದೆ ರಬ್ಬರ್ ಮರ ತುಂಬಿದ ಲಾರಿ. “ಅಮ್ಮ, ಆಗುತ್ತಾ?” ಅಂದ. ನಾನು ಕತ್ತು ಹೊರಗೆ ಹಾಕಿ ನೋಡಿದೆ. ದಾರಿ ಉದ್ದಕ್ಕೂ ಖಾಲಿ, ಬರೀ ಬಿಳುಪು. “ನುಗ್ಗು” ಅಂದೆ. ಅವನು ನುಗ್ಗಲಿಲ್ಲ. ಬೈಯಲು ಅವನ ಕಡೆ ತಿರುಗಿದೆ. ಅಷ್ಟರಲ್ಲಿ ನನ್ನ ಬೆನ್ನಿಗೇ ಒಂದು ದೊಡ್ಡ ಬಸ್ಸು ಹಾದುಹೋಯಿತು, ಅದರ ಗಾಳಿಗೆ ನನ್ನ ತುರುಬಿನ ಹೂವು ಕಿತ್ತುಹೋಯಿತು. ಬಿಳಿ ಬಸ್ಸು. ಆ ಬಿಳುಪೇ ಬಸ್ಸಾಗಿತ್ತು, ನ್ವೇ ನ್ವೇ.

ಕೂದಲೆಳೆಯಲ್ಲಿ ಉಳಿದವನ ಕೈ ನಡುಗಬೇಕಲ್ಲವೇ? ಇವನ ಕೈ ನಡುಗಲಿಲ್ಲ. “ಒಂದು ವೀಳ್ಯ ಮಡಿಚಿ ಕೊಡಮ್ಮ” ಅಂದ. ಹಿಂದೆ ಯಾರೂ ಚೀರಲಿಲ್ಲ. ದೋ ಪೂ ಮೀನಿನ ಮಾತನ್ನು ನಿಲ್ಲಿಸಲೂ ಇಲ್ಲ. ಎಲ್ಲರಿಗೂ ಗೊತ್ತಿತ್ತು. ನಾನು ಏನು ಹೇಳಿದರೂ ಅವನು ದಾಟುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಇಷ್ಟು ತಿಂಗಳಿಂದ ಅವನು ನನ್ನನ್ನು ಕೇಳುತ್ತಿದ್ದದ್ದು ದಾರಿ ತಿಳಿಯುವುದಕ್ಕಲ್ಲ, ನಾನು ಬೇಸರ ಮಾಡಿಕೊಳ್ಳಬಾರದು ಎಂದು. ಹೇಡಿ ಎಂದು ಗೇಟಿನಲ್ಲಿ ಅನ್ನಿಸಿಕೊಂಡ, ಮನೆಯಲ್ಲಿ ನನ್ನಿಂದಲೇ ಅನ್ನಿಸಿಕೊಂಡ.

ಅವನಿಗೆ ಪತ್ರ ಬರೆಯಬೇಡ. ಯಾಂಗೋನಿನಲ್ಲಿ ಒಳ್ಳೆಯ ಕಣ್ಣಿನ ಡಾಕ್ಟರು ಯಾರು ಎಂದು ವಿಚಾರಿಸು. ನಾನು ಅಲ್ಲಿಗೇ ಬರುತ್ತೇನೆ. ವಿಹಾರದಲ್ಲಿ ಊರಿನವರ ಜೊತೆ ಸಾಲಿನಲ್ಲಿ ಕೂರಲಾರೆ.

ಇವತ್ತು ಬೆಳಿಗ್ಗೆ, ಮುಂದೆ ಬಿಸಿಲು ಹೊಡೆಯುತ್ತದೆ ಎಂದು ಹೇಳಿ ಹಿಂದಿನ ಬೆಂಚಿಗೆ ಹೋದೆ. ದೋ ಪೂ ಸುಮ್ಮನೆ ಬುಟ್ಟಿ ಸರಿಸಿ ಜಾಗ ಕೊಟ್ಟಳು. ಯೀಮೊನಳನ್ನು ನಾನೇ ಮುಂದೆ ಕಳಿಸಿದೆ, ಅವಳು ಎರಡು ಸಲ ಹೇಳಿಸಿಕೊಂಡಳು. ರಬ್ಬರ್ ತೋಟದ ಹತ್ತಿರ ಮುಂದೆ ಒಂದು ಲಾರಿ ಸಿಕ್ಕಿತು. “ಆಗುತ್ತಾ?” ಎಂದು ಅವನು ಕೇಳಿದ್ದು ಹಿಂದಕ್ಕೂ ಕೇಳಿಸಿತು. ಅವಳು ನೋಡಿದಳು, ಬಹಳ ಹೊತ್ತು ನೋಡಿದಳು. ನನ್ನ ಹಾಗೆ ಕೂಗಲಿಲ್ಲ, ಮೆಲ್ಲಗೆ “ಆಗುತ್ತೆ” ಅಂದಳು.

ಅವನು ತಕ್ಷಣ ನುಗ್ಗಿದ.