ನೀವೇ ಉಂಡ ಐದನೆಯ ಕುರಿಯ ಬಗ್ಗೆ

ಬಡತನ ನಿವಾರಣಾ ಯೋಜನೆಯ ಮೇಲ್ವಿಚಾರಣಾ ಮುಖ್ಯಸ್ಥರಿಗೆ,

ಮಾನ್ಯರೇ,

ನಮ್ಮೂರಿನ ಅನಿಪಾ ಚಿಕ್ಕಮ್ಮನ ಮನೆಯಿಂದ ನಾಪತ್ತೆಯಾಗಿದೆ ಎಂದು ನಿಮ್ಮ ವರದಿಯ ಹನ್ನೊಂದನೆಯ ಪುಟದಲ್ಲಿ ಬರೆದಿರುವ ಕುರಿಯನ್ನು ತಿಂದವರು ನೀವು. ನೀವೊಬ್ಬರೇ ತಿಂದಿರಿ ಎನ್ನುತ್ತಿಲ್ಲ. ನಿಮ್ಮ ಇಬ್ಬರು ಸಹಾಯಕರು, ದುಭಾಷಿ, ಜೀಪಿನ ಡ್ರೈವರ್, ನಾಲ್ಕಾರು ನೆರೆಮನೆಯವರು, ಕೊನೆಗೆ ನಾನೂ ತಿಂದಿದ್ದೇನೆ. ಆದರೆ ಮುಖ್ಯ ಅತಿಥಿಗೆ ಮಾತ್ರ ಸಲ್ಲುವ ತಲೆಯನ್ನು ಇಟ್ಟದ್ದು ನಿಮ್ಮ ಮುಂದೆ. ಈಗ ಆ ಕುರಿಯನ್ನು 'ದುರುಪಯೋಗ' ಮಾಡಿದ ತಪ್ಪಿಗೆ, ಉಳಿದ ನಾಲ್ಕನ್ನೂ ಫೆಬ್ರವರಿ ಇಪ್ಪತ್ತರಂದು ವಾಪಸ್ ಒಯ್ಯಲಾಗುವುದೆಂದು ನಿಮ್ಮ ಕಚೇರಿಯಿಂದ ನೋಟಿಸು ಬಂದಿದೆ. ನಾಲ್ಕರಲ್ಲಿ ಮೂರು ಗಬ್ಬವಾಗಿವೆ. ಮಾರ್ಚ್ ಕೊನೆಗೆ ಮರಿ ಹಾಕುತ್ತವೆ. ಅನಿಪಾ ಚಿಕ್ಕಮ್ಮನ ಗಂಡ ತೀರಿಕೊಂಡು ಆರು ವರ್ಷವಾಯಿತು. ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಎಂಬತ್ತು ದಾಟಿದ ಅತ್ತೆ. ಆ ಕುರಿಗಳ ಉಣ್ಣೆ ಮತ್ತು ಮರಿಗಳನ್ನು ಬಿಟ್ಟರೆ ಮುಂದಿನ ಚಳಿಗಾಲಕ್ಕೆ ಕಲ್ಲಿದ್ದಲು ತರಲು ಆ ಮನೆಗೆ ಬೇರೆ ದಾರಿಯಿಲ್ಲ. ವಿಷಯ ಇಷ್ಟೇ. ಉಳಿದದ್ದು ನನ್ನ ಸಿಟ್ಟು. ಅದನ್ನೂ ಓದಬೇಕಾಗಿ ಕೋರುತ್ತೇನೆ.

ಇದನ್ನು ಮೊದಲು ನಿಮಗೊಬ್ಬರಿಗೇ ಬರೆದಿದ್ದೆ. ಗ್ರಾಮ ಕಚೇರಿಯ ಗೋಡೆಗೆ ನಿಮ್ಮ ಯೋಜನೆಯವರು ಹೊಡೆಸಿರುವ ನೀಲಿ ದೂರುಪೆಟ್ಟಿಗೆಯಲ್ಲಿ ನಿಯಮದಂತೆ ಮಡಿಚಿ ಹಾಕಿದೆ. ಒಂದು ತಿಂಗಳು ಕಾದೆ. ವಿಚಾರಿಸಿದಾಗ ಪೆಟ್ಟಿಗೆಯ ಬೀಗದ ಕೈ ರಾಜಧಾನಿಯಲ್ಲಿದೆ ಎಂದರು. ಪೆಟ್ಟಿಗೆ ತೆರೆಯಿರಿ ಎಂದು ಕೋರುವವರು ಏನು ಮಾಡಬೇಕು ಎಂದು ಕೇಳಿದೆ. ಹಾಗೆಂದು ಒಂದು ಅರ್ಜಿ ಬರೆದು ಪೆಟ್ಟಿಗೆಗೆ ಹಾಕಬೇಕಂತೆ. ಅದನ್ನೂ ಹಾಕಿದೆ. ಆಮೇಲೆಯೇ ಇದನ್ನು ಎಲ್ಲರೂ ಓದಲೆಂದು ಜಿಲ್ಲಾ ಪತ್ರಿಕೆಯ ಬಾಗಿಲು ತಟ್ಟಿದ್ದು.

ನನ್ನನ್ನು ತಿಳಿಯದವಳೆಂದು ಬದಿಗೆ ಸರಿಸಬೇಡಿ. ನೀವು ಬಿಟ್ಟುಹೋದ ಕಿರುಪುಸ್ತಕಗಳನ್ನು ಈ ಊರಿನಲ್ಲಿ ಒಲೆ ಹಚ್ಚುವ ಮುಂಚೆ ಓದುವವಳು ನಾನೊಬ್ಬಳೇ. 'ಬಡತನ ಎಂದರೇನು?' ಓದಿದ್ದೇನೆ. 'ಕೈ ತೊಳೆಯುವ ಆರು ಹಂತಗಳು' ಓದಿದ್ದೇನೆ. ಐದನೆಯ ಹಂತದ ಚಿತ್ರ ತಲೆಕೆಳಗಾಗಿ ಅಚ್ಚಾಗಿದೆ, ಗಮನಿಸಿ. 'ಮಹಿಳೆ ಮತ್ತು ನಿರ್ಧಾರ' ಎಂಬುದನ್ನು ಎರಡು ಸಲ ಓದಿದೆ, ಏಕೆಂದರೆ ಮೊದಲ ಸಲ ನಿರ್ಧಾರ ಎಲ್ಲಿದೆಯೆಂದು ಸಿಗಲಿಲ್ಲ. ಕೊನೆಯದಾಗಿ ಬಂದ ಹಸಿರು ಪುಸ್ತಕದ ಹಿಂಬದಿಯಲ್ಲಿ ಒಂದು ಪ್ರಶ್ನೆಯಿತ್ತು: 'ವಿದೇಶಿ ನೆರವು ಜಗತ್ತಿನ ಬಡತನವನ್ನು ನೀಗಿಸಬಲ್ಲುದೇ? ಗುಂಪಿನಲ್ಲಿ ಚರ್ಚಿಸಿ. ಅವಧಿ: ಇಪ್ಪತ್ತು ನಿಮಿಷ.' ನಾವು ಚರ್ಚಿಸಿದೆವು. ನೀವು ಬಂದ ದಿನವೇ, ನಿಮಗಾಗಿ ಮಾಂಸ ಬೇಯುತ್ತಿದ್ದಾಗ. ಇಪ್ಪತ್ತು ನಿಮಿಷ ಸಾಲಲಿಲ್ಲ. ನಿಮ್ಮ ಜೀಪು ಕಣಿವೆಯಲ್ಲಿ ಕೆಟ್ಟು ನಿಂತದ್ದರಿಂದ ಮೂರು ಗಂಟೆ ಸಿಕ್ಕಿತು.

ಅಕ್ಟೋಬರಿನ ಆ ಬೆಳಿಗ್ಗೆ ಏನಾಯಿತೆಂದು ನಿಮಗೆ ಯಾರೂ ಹೇಳಿಲ್ಲವೆಂದು ಕಾಣುತ್ತದೆ. ಮಧ್ಯಾಹ್ನ ಮುಖ್ಯಸ್ಥರು ಬರುತ್ತಾರೆ, ಅನಿಪಾಳ ಮನೆಯನ್ನೇ ನೋಡುತ್ತಾರೆ ಎಂದು ಗ್ರಾಮ ಕಚೇರಿಗೆ ಫೋನು ಬಂತು. ಸುದ್ದಿ ಕೇಳಿದ ಚಿಕ್ಕಮ್ಮ ಮೊದಲು ಮಾಡಿದ ಕೆಲಸವೆಂದರೆ ಪಕ್ಕದ ಮನೆಯ ಕದಿರ್‌ಬೇಕ್ ಮಾವನನ್ನು ಕೂಗಿದ್ದು.

"ಚಾಕು ಮಸ್ಕೊಂಡು ಬಾ ಮಾರಾಯ. ಅತಿಥಿಗಳು ಬರ್ತಾವ್ರೆ."

ನಾನು ಒಪ್ಪಂದದ ಕಾಗದ ಹಿಡಿದು ಓಡಿದೆ. "ನಿಲ್ಲಿ ಚಿಕ್ಕಮ್ಮ! ಏಳನೇ ನಿಯಮ ಇದೆ. ಮೂರು ವರ್ಷ ಕುರಿ ಕೊಯ್ಯಬಾರ್ದು, ಮಾರಬಾರ್ದು ಅಂತ ಸಹಿ ಹಾಕಿದ್ದೀರ."

"ಏಳನೇ ನಿಯಮ ಬರೆದಿದ್ಯಾರೇ?"

"ಅವರೇ."

"ಇವತ್ತು ಬರ್ತಿರೋದ್ಯಾರು?"

"ಅವರೇ."

"ಮತ್ತೆ? ಅವರ ಕುರೀನ ಅವರಿಗೇ ಕೊಯ್ದ್ರೆ ನಿಯಮ ಎಲ್ಲಿ ಮುರಿಯುತ್ತೆ? ಸರಿ, ಆ ಕಡೆ ನಿಂತ್ಕೊ, ರಕ್ತ ಹಾರುತ್ತೆ."

ನಾನು ಒಪ್ಪಂದದ ಕಾಗದವನ್ನು ತಿರುವಿ ಎಂಟನೆಯ ನಿಯಮ ಹುಡುಕತೊಡಗಿದೆ. ಕದಿರ್‌ಬೇಕ್ ಮಾವ ನನ್ನ ಮುಖ ನೋಡಿ ಕರಗಿ, "ನಮ್ಮನೆ ಕೋಳಿ ತಂದ್ಕೊಡ್ತೀನಿ ಬಿಡು ಅನಿಪಾ, ಪಾಪ ಹುಡುಗಿ ಅಷ್ಟು ಓದಿದ್ದಾಳೆ" ಎಂದ. ಚಿಕ್ಕಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏಳು ಸಮುದ್ರ ದಾಟಿ ಬಂದೋನ ಮುಂದೆ ಕೋಳಿ ತಲೆ ಇಡ್ಲಾ? ಅದರ ಯಾವ ಕಿವಿ ಕುಯ್ದು ಅವನು ಮನೆ ಮಕ್ಕಳಿಗೆ ಕೊಡ್ತಾನೆ, ಹೇಳು ನೋಡೋಣ?"

ಮಾವ ಚಾಕು ಎತ್ತಿಕೊಂಡ. ಕುರಿ ಬಿತ್ತು. ತಲೆಯ ಕೂದಲು ಸುಡುವ ಮೊದಲು ಅವನು ಕಿವಿಯಿಂದ ನಿಮ್ಮ ಯೋಜನೆಯ ಹಳದಿ ಬಿಲ್ಲೆಯನ್ನು ಕಿತ್ತು ಚಿಕ್ಕಮ್ಮನ ಕೈಗೆ ಕೊಟ್ಟ. ಅವಳು ಅದನ್ನು ಬಿಸಿನೀರಲ್ಲಿ ತೊಳೆದು, ಒರೆಸಿ, ಗೋಡೆಯ ಮೊಳೆಗೆ ಸಿಕ್ಕಿಸಿದಳು. "ಸರ್ಕಾರಿ ಸಾಮಾನು, ವಾಪಸ್ ಕೊಡ್ಬೇಕು" ಎಂದಳು. ಕದಿಯುವವರು ಹೀಗೆ ಮಾಡುತ್ತಾರೆಯೇ, ಮಾನ್ಯರೇ?

ಇನ್ನು ಚರ್ಚೆ. ಒಲೆಯ ಸುತ್ತ ಕುಳಿತವರಿಗೆ ನಾನು ಹಸಿರು ಪುಸ್ತಕದ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದೆ. ಕದಿರ್‌ಬೇಕ್ ಮಾವ ಗಡ್ಡ ಕೆರೆದುಕೊಂಡು, "ನೀಗುತ್ತೆ, ಯಾಕೆ ನೀಗಲ್ಲ? ಆ ಜೀಪಿನ ಡ್ರೈವರ್ ಹೋದ ವರ್ಷ ಬೊಚ್ಚುಬಾಯಲ್ಲಿ ಬಂದಿದ್ದ. ಈ ವರ್ಷ ನೋಡು, ಬಾಯ್ತುಂಬ ಚಿನ್ನದ ಹಲ್ಲು" ಎಂದ. ಎಲ್ಲರೂ ನಕ್ಕರು. ಚಿಕ್ಕಮ್ಮನ ಅತ್ತೆ ಸೆಯಿಲ್‌ಕಾನ್ ಅಜ್ಜಿ ನಗಲಿಲ್ಲ.

"ಯುದ್ಧದ ಕಾಲದಲ್ಲಿ ನಾನು ಅನಾಥಾಲಯದಲ್ಲಿದ್ದೆ. ಯಾವುದೋ ದೇಶದ್ದು, ಡಬ್ಬಿ ಮಾಂಸ ಬಂತು. ತಿಂದೆ, ಬದುಕಿದೆ. ಅದರ ಮೇಲೆ ಬರೆದಿದ್ದ ಅಕ್ಷರ ಇವತ್ತಿಗೂ ನಂಗೆ ಗೊತ್ತಿಲ್ಲ."

"ಹಾಗಾದ್ರೆ ನೆರವಿನಿಂದ ಆಗುತ್ತೆ ಅಂತೀರಾ ಅಜ್ಜಿ?" ನಾನು ಪೆನ್ಸಿಲ್ ಹಿಡಿದು ಕೇಳಿದೆ.

"ನೀನು ಬರ್ಕೋಬೇಡ, ಕೇಳು. ಕೊಟ್ಟೋನು ಆಮೇಲೆ ಬಂದು ನನ್ನ ಬಾಯಿ ತೆಗೆಸಿ ನೋಡ್ಲಿಲ್ಲ. ಅದಕ್ಕೇ ಅದು ಅರಗ್ತು."

ಇದಕ್ಕಿಂತ ಒಳ್ಳೆಯ ಉತ್ತರವನ್ನು ನಿಮ್ಮ ಯಾವ ತಜ್ಞರಾದರೂ ಕೊಟ್ಟಿದ್ದರೆ ಅದನ್ನೂ ಅಚ್ಚು ಹಾಕಿಸಿ ಕಳಿಸಿ. ನಾನು ಓದುತ್ತೇನೆ.

ನೀವು ಬಂದಿರಿ. ಚಿಕ್ಕಮ್ಮ ನಿಮ್ಮನ್ನು ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ ಕೂರಿಸಿದಳು. ನಿಮ್ಮ ಕೈಗೆ ನೀರೆರೆದವಳು ನಾನು; ಆರು ಹಂತಗಳಲ್ಲಿ ಎರಡನ್ನು ನೀವು ಬಿಟ್ಟಿರಿ, ಆದರೂ ಅತಿಥಿಗೆ ತಪ್ಪು ತೋರಿಸಬಾರದೆಂದು ಸುಮ್ಮನಿದ್ದೆ. ತಲೆಯನ್ನು ಮುಂದಿಟ್ಟಾಗ ನೀವು ಬೆಚ್ಚಿದಿರಿ. ದುಭಾಷಿ ಕಿವಿಯಲ್ಲಿ ಏನೋ ಉಸುರಿದ. ಆಗ ನೀವು ಬಹಳ ವಿನಯದಿಂದ ಚಾಕು ಹಿಡಿದು, ಕುರಿಯ ಬಲಗಿವಿ ಕುಯ್ದು, ಮನೆಯ ಹುಡುಗಿಯರಿಬ್ಬರೂ ಇನ್ನೂ ಶಾಲೆಯಿಂದ ಬಂದಿರಲಿಲ್ಲವಾದ್ದರಿಂದ, ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಚಿಕ್ಕವಳಾದ ನನಗೆ ಕೊಟ್ಟಿರಿ. ಸಂಪ್ರದಾಯ ಕಲಿತಿರೆಂದು ಮನೆಯವರೆಲ್ಲ ಮೆಚ್ಚಿದರು. ಆ ಕಿವಿಯ ನಡುವೆ ಒಂದು ದುಂಡನೆಯ ತೂತಿತ್ತು. ನಿಮ್ಮ ಬಿಲ್ಲೆ ಇದ್ದ ಜಾಗ. ನೀವೂ ನೋಡಿದಿರಿ, ನಾನೂ ನೋಡಿದೆ. ಆಮೇಲೆ ನಾನು ಅದನ್ನು ತಿಂದೆ. ಈ ಪ್ರಕರಣದ ಅತಿ ಮುಖ್ಯ ಸಾಕ್ಷ್ಯವನ್ನು ನಾಶ ಮಾಡಿದವಳು ನಾನೆಂದು ಇಲ್ಲಿ ಬಹಿರಂಗವಾಗಿ ಒಪ್ಪಿಕೊಳ್ಳುತ್ತೇನೆ. ಉಪ್ಪು ಸ್ವಲ್ಪ ಕಡಿಮೆಯಾಗಿತ್ತು.

ಊಟದ ಮಧ್ಯೆಯೇ ನಿಮ್ಮ ಸಹಾಯಕರು ಬಡತನ ಅಳೆಯುವ ನಮೂನೆ ಬಿಚ್ಚಿದರು. ತೊಡೆಮೂಳೆಯನ್ನು ಎಡಗೈಗೆ ದಾಟಿಸಿ, ಬಲಗೈಯಲ್ಲಿ ಪೆನ್ನು ಹಿಡಿದು, ಕಳೆದ ಏಳು ದಿನಗಳಲ್ಲಿ ಈ ಮನೆಯಲ್ಲಿ ಮಾಂಸ ಬೇಯಿಸಿದ್ದೀರಾ ಎಂದು ದುಭಾಷಿಯಿಂದ ಕೇಳಿಸಿದರು.

"ಬೇಯಿಸಿದ್ದೀನಲ್ಲ ಮಗಾ, ಯಾಕೆ? ಇನ್ನೂ ಬೇಯಬೇಕಿತ್ತಾ?" ಎಂದಳು ಚಿಕ್ಕಮ್ಮ ಗಾಬರಿಯಾಗಿ.

"ಮಾಂಸ ಬೇಯಿಸಿದ ದಿನ ಎಷ್ಟು ಜನ ಉಂಡಿರಿ?"

"ನೀನೇ ನೋಡ್ತಿದ್ದೀಯಲ್ಲ! ಬಂದೋರೆಲ್ಲ ಉಂಡ್ರು. ಬರದೇ ಇದ್ದೋರಿಗೂ ಕಟ್ಟಿ ಕಳಿಸ್ತೀನಿ."

ಸಹಾಯಕರು ಸಂತೋಷದಿಂದ ಗುರುತು ಹಾಕಿದರು. ಅಂಗಳಕ್ಕೆ ಹೋಗಿ ಕುರಿ ಎಣಿಸಿ ಬಂದಾಗ ಮಾತ್ರ ಅವರ ಮುಖ ಸಣ್ಣದಾಯಿತು. ನೀವು ಬಾಯಿ ಒರೆಸಿಕೊಂಡು, ಐದನೆಯ ಕುರಿ ಎಲ್ಲಿ ಎಂದಿರಿ. ದುಭಾಷಿ ಹುಡುಗ ನಮ್ಮವನೇ, ಬುದ್ಧಿವಂತ. ಅವನು ನಿಮಗೆ ತಿಳಿಯದಂತೆ ಚಿಕ್ಕಮ್ಮನಿಗೆ ಹೇಳಿದ್ದನ್ನು ಈಗ ಎಲ್ಲರ ಮುಂದೆ ಬರೆಯುತ್ತಿದ್ದೇನೆ, ಅವನು ಕ್ಷಮಿಸಲಿ.

"ಅಮ್ಮಾ, ನಮೂನೇಲಿ ನಾಲ್ಕೇ ಕಾರಣ ಇರೋದು. ರೋಗ, ಹಿಮ, ಕಳವು, ತೋಳ. ತೋಳ ತಿಂತು ಅಂದ್ಬಿಡ್ಲಾ? ಹಾಗಂದ್ರೆ ಹೊಸ ಕುರಿ ಬರುತ್ತೆ."

ಚಿಕ್ಕಮ್ಮ ಕೆಂಡವಾದಳು. "ನನ್ನ ಮನೆ ಅತಿಥೀನ ತೋಳ ಅಂತೀಯೇನೋ? ನಿಮ್ಮಮ್ಮ ಇದನ್ನೇ ಕಲಿಸಿದ್ದಾ? ನೀವೇ ಉಂಡ್ರಿ, ನಿಮ್ಮ ಹೊಟ್ಟೆ ತಣ್ಣಗಿರಲಿ ಅಂತ ಅವರಿಗೆ ಹೇಳು!" ಎಂದು ಮೊಳೆಯಿಂದ ಬಿಲ್ಲೆ ತೆಗೆದು, ಎರಡೂ ಕೈಯಲ್ಲಿ ಹಿಡಿದು, ತಲೆಬಾಗಿ ನಿಮಗೆ ಕೊಟ್ಟಳು. ನೀವು ಅದನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಅಂಟಿಸಿದಿರಿ.

ಆಮೇಲೆ ವರದಿ ಬಂತು. ನಾಲ್ಕನೆಯ ಪುಟದಲ್ಲಿ ಚಿಕ್ಕಮ್ಮನ ಬಣ್ಣದ ಫೋಟೋ ಇದೆ, ಕೈಯಲ್ಲಿ ಮಾಂಸದ ಪರಾತ. ಕೆಳಗೆ: 'ಈ ಕುಟುಂಬ ಈಗ ನಿಯಮಿತವಾಗಿ ಮಾಂಸಾಹಾರ ಸೇವಿಸುತ್ತಿದ್ದು, ನೆರೆಯವರಿಗೂ ಹಂಚುವ ಸ್ಥಿತಿ ತಲುಪಿದೆ. ಬಡತನದಿಂದ ಹೊರಬಂದ ಮಾದರಿ ಕುಟುಂಬ.' ಹನ್ನೊಂದನೆಯ ಪುಟದಲ್ಲಿ ಫೋಟೋ ಇಲ್ಲ. ಅಲ್ಲಿ ಇರುವುದು: 'ಒಂದು ಕುರಿ ನಾಪತ್ತೆ; ದುರುಪಯೋಗ. ಉಳಿದವುಗಳ ವಶಕ್ಕೆ ಶಿಫಾರಸು.' ಎರಡೂ ಒಂದೇ ಕುರಿ, ಮಾನ್ಯರೇ! ಅದು ಪರಾತದಲ್ಲಿದ್ದಾಗ ನಿಮ್ಮ ಯಶಸ್ಸು, ಕೊಟ್ಟಿಗೆಯಲ್ಲಿ ಇಲ್ಲದಾಗ ಅವಳ ಅಪರಾಧ. ಒಂದು ಪ್ರಾಣಿ ಇಷ್ಟು ದುಡಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನೆರವೇ ಬೇಡ ಎನ್ನುವವರ ಪೈಕಿ ನಾನಲ್ಲ. ನನ್ನ ತಮ್ಮ ದಡಾರದಿಂದ ಉಳಿದದ್ದು ಯಾವುದೋ ದೇಶ ಕಳಿಸಿದ ಲಸಿಕೆಯಿಂದ. ಕೆಳಗಿನ ಓಣಿಯ ನಲ್ಲಿಯನ್ನೂ ಹೊರಗಿನವರೇ ಹಾಕಿಸಿದ್ದು. ಹೆಂಗಸರು ಹೊಳೆಯ ಮಂಜುಗಡ್ಡೆ ಒಡೆಯುವುದು ತಪ್ಪಿದೆ. ನಿಮ್ಮ ಐದು ಕುರಿಗಳೂ ಒಳ್ಳೆಯ ಕುರಿಗಳೇ. ಮೊದಲ ವರ್ಷದ ಹೆಣ್ಣುಮರಿಗಳನ್ನು ಚಿಕ್ಕಮ್ಮ ಒಪ್ಪಂದದಂತೆ ಇನ್ನೊಂದು ಬಡಮನೆಗೆ ದಾಟಿಸಿದಳು, ಒಂದು ದಿನವೂ ತಡಮಾಡಲಿಲ್ಲ. ಹಾಗಾದರೆ ತೊಡಕು ಎಲ್ಲಿದೆ? ನೀವು ಕೊಟ್ಟದ್ದನ್ನು ಪೂರ್ತಿ ಕೊಡುವುದಿಲ್ಲ. ಅದೊಂದೇ ತೊಡಕು. ಕುರಿ ಅವಳದಾಗಿದ್ದರೆ, ಅದನ್ನು ಯಾರಿಗೆ ಉಣಿಸಬೇಕೆಂಬುದು ಅವಳ ಇಷ್ಟ. ಕುರಿ ನಿಮ್ಮದೇ ಆಗಿದ್ದರೆ, ನಿಮ್ಮ ಕುರಿಯನ್ನು ನೀವು ಉಂಡಿದ್ದೀರಿ, ಬೇಯಿಸಿದ ಕೂಲಿಯನ್ನೂ ಕೊಡಬೇಕಾಗುತ್ತದೆ. ಮೂರನೆಯ ದಾರಿ ಯಾವುದು? ತಿನ್ನುವಾಗ ಅವಳದು, ಎಣಿಸುವಾಗ ನಿಮ್ಮದು ಎಂಬ ದಾರಿಯೇ?

ಇನ್ನೊಂದು ವಿಷಯ ನಿಮಗೆ ಹೊಳೆದಂತಿಲ್ಲ. ನೀವು ನೋಡಲು ಬರುವುದು ಬಡವರ ಮನೆಗೆ. ಅನುಕೂಲಸ್ಥರ ಮನೆಗೆ ತಂಡಗಳು ಹೋಗುವುದಿಲ್ಲ. ಆದ್ದರಿಂದ ನಮ್ಮಲ್ಲಿ ಅತಿ ಹೆಚ್ಚು ಅತಿಥಿ ಸತ್ಕಾರ ಮಾಡಬೇಕಾದವರು ಅತಿ ಬಡವರು. ಸಮೀಕ್ಷೆಗೆ ಒಂದು ಕುರಿ, ತರಬೇತಿಗೆ ಒಂದು, ಪರಿಶೀಲನೆಗೆ ಒಂದು. ಬಡತನ ಎಷ್ಟಿದೆಯೆಂದು ಅಳೆಯುವ ಕೆಲಸದಿಂದಲೇ ಅದು ಬೆಳೆಯುತ್ತದೆ, ಬೆಳೆದದ್ದರಿಂದ ಮತ್ತೆ ಅಳೆಯಬೇಕಾಗುತ್ತದೆ. ನಿಮ್ಮ 'ಬಡತನ ಎಂದರೇನು?' ಪುಸ್ತಕದಲ್ಲಿ ಬಡತನಕ್ಕೆ ಹದಿನಾಲ್ಕು ಕಾರಣ ಕೊಟ್ಟಿದ್ದೀರಿ. ಅರಿವಿನ ಕೊರತೆ, ಪ್ರೇರಣೆಯ ಕೊರತೆ, ಯೋಜನೆಯ ಕೊರತೆ. ಎಲ್ಲ ಕೊರತೆಗಳೂ ನಮ್ಮವೇ. ಒಂದಿಡೀ ಚಳಿಗಾಲ ಕೂತು ಮಾಡಿದ ಕಂಬಳಿಗೆ ಒಂದು ಚೀಲ ಹಿಟ್ಟಿನಷ್ಟೂ ಕೊಡದೆ ಕೊಂಡು, ನಿಮ್ಮ ಊರಿನ ಅಂಗಡಿಗಳಲ್ಲಿ ಮಾರುವವರ ಹೆಸರು ಹದಿನಾಲ್ಕರಲ್ಲಿ ಎಲ್ಲೂ ಇಲ್ಲ. ಜಗತ್ತಿನ ಬಡತನಕ್ಕೆ ಜಗತ್ತೂ ಒಂದು ಕಾರಣವಿರಬಹುದೆಂದು ಒಬ್ಬರಿಗೂ ಅನಿಸಲಿಲ್ಲವೇ? ನೆರವು ಬಡತನವನ್ನು ನೀಗಿಸಬಲ್ಲುದೇ ಎಂದು ನಮ್ಮನ್ನು ಕೇಳಿದಿರಿ. ಕುರಿ ನೀಗಿಸಬಹುದು, ಲಸಿಕೆ ನೀಗಿಸಬಹುದು, ಉಣ್ಣೆಗೆ ನ್ಯಾಯವಾದ ಬೆಲೆ ಖಂಡಿತ ನೀಗಿಸುತ್ತದೆ. ಕೊಟ್ಟ ಕೈಯನ್ನು ಹಿಂದೆಗೆಯದೆ ಕುರಿಯ ಕಿವಿಯನ್ನೇ ಹಿಡಿದು ನಿಂತರೆ ಏನೂ ನೀಗುವುದಿಲ್ಲ. ಇದು ನಮ್ಮ ಗುಂಪಿನ ಉತ್ತರ.

ಈಗ ನನ್ನ ಒತ್ತಾಯ. ಹನ್ನೊಂದನೆಯ ಪುಟವನ್ನು ತಿದ್ದಿ. 'ದುರುಪಯೋಗ' ಎಂಬ ಪದವನ್ನು ಹೊಡೆದು, 'ಕುರಿಯನ್ನು ನಮಗೆ ಬಡಿಸಲಾಯಿತು, ನಾವು ಉಂಡೆವು' ಎಂದು ಬರೆದು ಸಹಿ ಹಾಕಿ. ನಾಲ್ಕು ಕುರಿಗಳು ಅನಿಪಾಳವು ಎಂದು ಒಂದು ಸಾಲಿನ ಕಾಗದ ಕಳಿಸಿ. ಮುಖ್ಯವಾಗಿ, ಅದನ್ನು ಅಂಚೆಯಲ್ಲಿ ಕಳಿಸಿ. ದಯವಿಟ್ಟು ಯಾರೂ ಬರಬೇಡಿ.

ಯಾಕೆಂದರೆ ನೋಟಿಸನ್ನು ಓದಿ ಹೇಳಿದಾಗ ಚಿಕ್ಕಮ್ಮ ಅತ್ತಳು. ಬಹಳ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಎಷ್ಟು ಜನ ಬರ್ತಾರಂತೆ?" ಎಂದು ಕೇಳಿದಳು. "ಬೇಡ ಚಿಕ್ಕಮ್ಮ, ಅವರು ಕುರಿ ಹಿಡ್ಕೊಂಡು ಹೋಗೋಕೆ ಬರ್ತಿರೋದು, ಊಟಕ್ಕಲ್ಲ" ಎಂದು ನಾನು ಕಿರುಚಿದೆ. "ಅಷ್ಟು ದೂರದಿಂದ, ಈ ಹಿಮದಲ್ಲಿ ಬಂದೋರ್ನ ಬರೀ ಟೀ ಕೊಟ್ಟು ಕಳಿಸ್ಲಾ? ಏನ್ ಮಾತಾಡ್ತೀಯೇ ನೀನು" ಎಂದಳು.

ನಿಮ್ಮ ಲಾರಿ ನಾಲ್ಕು ಕುರಿಗಳಿಗೆ ಬಂದರೆ ಮೂರು ಸಿಗುತ್ತವೆ. ಒಂದು ಕಡಿಮೆಯಾಯಿತೆಂದು ತನಿಖೆಗೆ ತಂಡ ಬಂದರೆ ಎರಡು. ತನಿಖೆ ಸರಿಯಾಗಿ ನಡೆಯಿತೇ ಎಂದು ನೋಡಲು ಮೇಲಿನವರು ಬಂದರೆ ಒಂದು. ಅದನ್ನು ನಾನು ತಡೆಯಲಾರೆ, ಕಾನೂನು ತಡೆಯಲಾರದು, ನಿಮ್ಮ ಏಳನೆಯ ನಿಯಮವಂತೂ ತಡೆಯಲೇ ಇಲ್ಲ. ನಿಮ್ಮ ಕಾಗದವೊಂದೇ ತಡೆಯಬಲ್ಲುದು. ಗಬ್ಬವಾಗದ ಒಂದು ಕುರಿಗೆ ನಿನ್ನೆಯಿಂದ ಚಿಕ್ಕಮ್ಮ ಹೆಚ್ಚು ಹುಲ್ಲು ಹಾಕುತ್ತಿದ್ದಾಳೆ. ಇಪ್ಪತ್ತನೆಯ ತಾರೀಖಿಗೆ ಹನ್ನೆರಡು ದಿನ ಉಳಿದಿದೆ.

ಇಂತಿ,
ನಿಮ್ಮ ಪಟ್ಟಿಯ ಪ್ರಕಾರ 'ತರಬೇತಿ ಪಡೆದು ಜಾಗೃತಳಾದ ಗ್ರಾಮೀಣ ಯುವತಿ',
ಹಾಗಾದದ್ದಕ್ಕೆ ನೀವೇ ಹೊಣೆ,
ಜಿಯ್ದೆಗುಲ್, ಕಾರಾ-ಜಾರ್ ಗ್ರಾಮ