ಆಕೆಯ ಸ್ವಂತ ಕೋರಿಕೆಯ ಮೇರೆಗೆ

11 ಜೂನ್ 1979, ಬೆಳಿಗ್ಗೆ ಏಳು

ಇವತ್ತೂ ಐದಕ್ಕೇ ಜೈಲಿನ ಗಂಟೆ. ನಮ್ಮ ಕ್ವಾರ್ಟರ್ಸಿಗೂ ಜೈಲಿನ ಗೋಡೆಗೂ ನಡುವೆ ಒಂದು ಬೇವಿನ ಮರ, ಅಷ್ಟೇ. ಬೈದುಕೊಂಡೇ ಎದ್ದೆ. ಆದರೂ ಖುಷಿ! ಮದುವೆಯಾಗಿ ಇಪ್ಪತ್ತಾರು ದಿನ, ದೇವದುರ್ಗಕ್ಕೆ ಬಂದು ಹನ್ನೊಂದು. ಕನಕು ಶೇವ್ ಮಾಡಿಕೊಳ್ಳುತ್ತಾ ಸೀಟಿ ಹೊಡೆಯುತ್ತಿದ್ದಾನೆ. ನನ್ನ ಕನಕರಾಯ, ಈ ಹೆಂಗಸರ ಜೈಲಿನ ಜೈಲರ್ ಸಾಹೇಬ! ಬಾಯಿಬಿಟ್ಟು ಹೆಸರು ಹೇಳಿದರೆ ಅತ್ತೆ ಕರೆಮ್ಮ ಮನೆಯನ್ನೇ ತಲೆ ಮೇಲೆ ಹೊರುತ್ತಾರೆ. ಅದಕ್ಕೆ ಇಲ್ಲಿ ಬರೆಯುತ್ತೇನೆ. ಕನಕು, ಕನಕು, ಕನಕು.

ಮನೆಗೆಲಸಕ್ಕೆ ಜೈಲಿನಿಂದಲೇ ದಿನಾ ಇಬ್ಬರು ಹೆಂಗಸರು. ಕಾವಲಿಗೆ ಹಾಜಿರಾ ಬೀ ಅಂತ ವಾರ್ಡರ್, ಬೇವಿನ ಕೆಳಗೆ ಕೂತು ಅಡಿಕೆ ಕತ್ತರಿಸುತ್ತಾಳೆ. ಬಟ್ಟೆ, ಪಾತ್ರೆ, ಕಸ, ಜೋಳ ಹಸನು ಮಾಡುವುದು, ಎಲ್ಲ ಅವರೇ. ರಾಯಚೂರಲ್ಲಿ ಅವ್ವ ಒಬ್ಬ ಕೆಲಸದವಳಿಗಾಗಿ ಓಣಿ ಓಣಿ ಅಲೆಯುತ್ತಿದ್ದಳು. ನನಗೆ ಜೈಲು ತುಂಬ ಹದಿನಾಲ್ಕು ಜನ! ಕಾನ್ವೆಂಟಿನ ಗೆಳತಿಯರಿಗೆ ಬರೆದರೆ ಸುಳ್ಳು ಅಂತಾರೆ.

ನಿನ್ನೆ ನಮ್ಮ ಮನೆಗೆಲಸಕ್ಕೆ ಹೊಸಬಳೊಬ್ಬಳು ಬಂದಳು. ಗೋಪಮ್ಮ, ಮಾನ್ವಿ ತಾಲ್ಲೂಕಿನ ಮಲ್ಲಟದವಳು. ಕೂಲಿಗೆ ಹೋದ ಹೊಲದಲ್ಲಿ ಗೌಡನ ತೋಳಿಗೆ ಕುಡಗೋಲು ಬೀಸಿದವಳಂತೆ. ಕೂದಲು ಮೊಣಕಾಲಿನ ತನಕ! ನನ್ನದು ಹೆಗಲಿಗೆ ಬಂದು ನಿಂತುಬಿಟ್ಟಿದೆ. ಅವಳು ನೋಡಿದ ಕೂಡಲೇ ಸೇರಲಿಲ್ಲ. ಮುಖ ಎತ್ತಿ ನೋಡುವುದೂ ಇಲ್ಲ.

15 ಜೂನ್

ಸೊಕ್ಕು ಅಂದರೆ ಸೊಕ್ಕು. ಬೆಳಿಗ್ಗೆ ಹೊಸ್ತಿಲಲ್ಲೇ ನಿಂತುಬಿಟ್ಟಳು, ಕಸಬರಿಗೆ ಹಿಡಿದು.

"ಒಳಗ ಬಾ. ಮಂಚದ ಕೆಳಗ ಕಸ ಹೊಡಿ" ಅಂದೆ.

"ಸಾಹೇಬ್ರು ಅದಾರೇನ್ರಿ?"

"ಇದ್ರ ನಿನಗೇನಾತು?"

"ಅವರು ಆಫೀಸಿಗಿ ಹೋಗಲಿ. ಆಮ್ಯಾಲ ಹೊಡಿತೀನಿ."

ನನಗೇ ಆರ್ಡರ್! ಅದೂ ಕೈದಿ! ಒಳಗಿನಿಂದ ಅತ್ತೆ, "ಜೈಲಿನಾಕಿನ್ನ ಬಗ್ಗಸಾಕ ಬರಂಗಿಲ್ಲ, ಇಂಗ್ಲಿಷ್ ಕಲ್ತು ಏನ್ ಉಪಯೋಗ ಬೇ?" ಅಂದರು. ಕಣ್ಣಲ್ಲಿ ನೀರೇ ಬಂತು. ಇಬ್ಬರ ಮೇಲೂ ಸಿಟ್ಟು. ಗೋಪಮ್ಮನ ಮೇಲೆ ಜಾಸ್ತಿ, ಅವಳಿಗೆ ತಿರುಗಿ ಬೈಯಬಹುದಲ್ಲ.

ಕನಕು ಹೊರಟ ಮೇಲೆ ಒಳಗೆ ಬಂದಳು. ಚೊಕ್ಕ ಮಾಡಿ ಗುಡಿಸಿದಳು. ಅದು ಇನ್ನಷ್ಟು ಉರಿಸಿತು.

21 ಜೂನ್

ಮಧ್ಯಾಹ್ನ ಊಟಕ್ಕೆ ಚೀಫ್ ವಾರ್ಡರ್ ಬೂದೆಪ್ಪನೂ ಇದ್ದ. ಕನಕುವಿನ ಚಿಕ್ಕಪ್ಪನ ಮಗ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ರೊಟ್ಟಿ ನಾನೇ ಬಡಿದದ್ದು! ಅಂಚು ಸೀಳಿತ್ತು, ಕನಕು "ಏ ಇಂಗ್ಲಿಷ್ ಮೇಡಂ, ಇದು ಯಾವ ದೇಶದ ನಕಾಶ?" ಅಂದ. ಎಲ್ಲರೂ ನಕ್ಕರು. ನಗು ನನ್ನ ಮೇಲಿಂದ ತಿರುಗಲಿ ಅಂತ ಗೋಪಮ್ಮನ ಮಾತು ತೆಗೆದೆ.

"ಆ ಮಲ್ಲಟದಾಕಿ ಬಾಳ ಸೊಕ್ಕು ಮಾಡ್ತಾಳ್ರಿ. ಕೂದಲಾ ಬೀಸಿಕೋತ ಅಡ್ಡಾಡ್ತಾಳ. ನೀವಿದ್ರ ಒಳಗ ಬರಂಗಿಲ್ಲಂತ!"

ಕನಕು ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ. ಬೂದೆಪ್ಪ ಅವನ ಮುಖ ನೋಡಿದ. ಆಮೇಲೆ ಇಬ್ಬರೂ ನಕ್ಕರು.

"ವೈನಿ, ಆ ಸೊಕ್ಕು ನಾವು ನೋಡ್ಕೋತೀವಿ ಬಿಡ್ರಿ. ನೀವು ಇನ್ನೊಂದು ರೊಟ್ಟಿ ಹಾಕ್ರಿ" ಅಂದ ಬೂದೆಪ್ಪ.

ಗೆದ್ದೆ!

27 ಜೂನ್

ಗೋಪಮ್ಮ ಕೆಲಸಕ್ಕೆ ಬಾರದೆ ಐದು ದಿನವಾಯಿತು. ಬದಲಿಗೆ ವೆಂಕಮ್ಮ ಅಂತ ಒಬ್ಬ ಮುದುಕಿ. ನಾನು ಕೈ ಎತ್ತಿ ಜಡೆ ಸರಿಮಾಡಿಕೊಂಡರೂ ತಲೆ ತಗ್ಗಿಸಿ ಮುದುರುತ್ತಾಳೆ, ಹೊಡೆಯುತ್ತೇನೇನೋ ಅನ್ನುವ ಹಾಗೆ. "ಗೋಪಮ್ಮ ಎಲ್ಲಿ?" ಅಂದರೆ "ಗೊತ್ತಿಲ್ರೀ ಯವ್ವಾ." ನಾಟಕ. ಇಲ್ಲಿ ಎಲ್ಲರೂ ನಾಟಕದವರೇ.

ಭಾನುವಾರ ರಾಯಚೂರಿಗೆ ಹೋಗಿ ಸಿನಿಮಾ ನೋಡಿ ಬರೋಣ ಅಂದಿದ್ದಾನೆ ಕನಕು! ಬಾಲ್ಕನಿ!

4 ಜುಲೈ, ಸಂಜೆ

ಇವತ್ತು ದೊಡ್ಡ ಗಲಾಟೆ. ಕೇಸಿನ ತಾರೀಕು ಅಂತ ಗೋಪಮ್ಮನನ್ನು ಮಾನ್ವಿ ಕೋರ್ಟಿಗೆ ಕರೆದೊಯ್ದಿದ್ದರು. ಮ್ಯಾಜಿಸ್ಟ್ರೇಟರ ಎದುರಿಗೇ ತಲೆ ಮೇಲಿನ ಸೆರಗು ಕೆಳಗೆ ಹಾಕಿಬಿಟ್ಟಳಂತೆ. ತಲೆ ಬೋಳು. ಬೂದೆಪ್ಪ ಪಡಸಾಲೆಯಲ್ಲಿ ಹಾರಾಡುತ್ತಿದ್ದ. "ಹಾದರಗಿತ್ತಿ! ತುಂಬಿದ ಕೋರ್ಟನ್ಯಾಗ ಮಾನ ಕಳದ್ಳು ನಮ್ಮದು!"

ಬೋಳು ಯಾಕೆ? ಹೇನಂತೆ. ವಿಪರೀತ ಹೇನು, ಅದಕ್ಕೆ ತೆಗೆಸಿದರಂತೆ. ಈಗ ಮ್ಯಾಜಿಸ್ಟ್ರೇಟರು ಎಕ್ಸ್‌ಪ್ಲನೇಶನ್ ಕೇಳಿದ್ದಾರೆ. ಆಫೀಸಿನ ಗುಮಾಸ್ತೆಯ ಇಂಗ್ಲಿಷ್ ಬರೀ ತಪ್ಪು. ಕನಕು ನನ್ನ ಮುಂದೆ ಕಾಗದ ಇಟ್ಟು, "ಮೇಡಂ, ಈಗ ತೋರಿಸ್ರಿ ನಿಮ್ಮ ಕಾನ್ವೆಂಟ್" ಅಂದ. ಅತ್ತೆಯ ಎದುರಿಗೇ! ನೋಡಿಕೊಳ್ಳಲಿ ಈಗ, ಇಂಗ್ಲಿಷ್ ಕಲಿತು ಏನು ಉಪಯೋಗ ಅಂತ!

ಮೂರು ಸಲ ತಿದ್ದಿ ಬರೆದೆ. ಇತರ ಕೈದಿಗಳ ಆರೋಗ್ಯದ ದೃಷ್ಟಿಯಿಂದ ಹಾಗೂ ಆಕೆಯ ಸ್ವಂತ ಕೋರಿಕೆಯ ಮೇರೆಗೆ... ಇಂಗ್ಲಿಷಿನಲ್ಲಿ ಈ ಸಾಲು ಎಷ್ಟು ಗಂಭೀರವಾಗಿ ಕೂತಿದೆ!

"ಆಕಿ ಕೇಳಿದ್ಳಾ?" ಅಂದೆ ನಡುವೆ.

"ಬರಿ ನೀನು" ಅಂದ. ಕೆನ್ನೆ ಹಿಂಡಿದ. ಬರೆದೆ.

12 ಜುಲೈ

ಗೋಪಮ್ಮನನ್ನು ನೋಡಿದೆ. ಹಿತ್ತಲ ಗೇಟಿನ ಹತ್ತಿರ ಸೌದೆ ಹೊರುತ್ತಿದ್ದಳು. ಸುಮ್ಮನಿರಬಾರದೆ ನಾನು? "ಹೇನು ಹೋದ್ವಾ?" ಅಂದೆ. ನಗುತ್ತಾ.

ಮೊದಲ ಸಲ ಮುಖ ಎತ್ತಿ ನೋಡಿದಳು. ನನ್ನ ಕಾಲ ಮುಂದೆ ಉಗುಳಿದಳು.

ತಲೆ ಬೋಳಿಸಿದ್ದಲ್ಲ ಅದು. ಅಲ್ಲಲ್ಲಿ ಬೆರಳುದ್ದ ಕೂದಲು ನಿಂತಿದೆ, ನಡುವೆ ಗಾಯ, ಗಾಯದ ಮೇಲೆ ನೊಣ. ಕ್ಷೌರದವನ ಕೈ ಹಾಗಿರುವುದಿಲ್ಲ. ಕೈಕಾಲು ಹಿಡಿದು ಕತ್ತರಿಸಿದರೆ ಮಾತ್ರ ಹಾಗೆ.

ಹಾಜಿರಾ ಬೀಯನ್ನು ಕೇಳಿದೆ. ಅಡಕತ್ತರಿ ಕೆಳಗಿಟ್ಟಳು.

"ಹೇನು ಎಲ್ಲೀದು ಬೇಟಿ? ನೀವಽ ಹೇಳಿದ್ರಲ್ಲ ಊಟದಾಗ, ಕೂದಲಾ ಬೀಸ್ತಾಳ ಅಂತ. ಅವತ್ತು ಸಂಜೀಕಽ ನಾಕು ಮಂದಿ ಹಿಡಕೊಂಡ್ರು, ಬೂದೆಪ್ಪ ಕತ್ತರಸಿದ. ಸಾಹೇಬ್ರು ಕುರ್ಚಿ ಹಾಕ್ಕೊಂಡು ಕುಂತಿದ್ರು."

"ನಾ ಹಂಗ ಮಾಡ್ರಿ ಅಂತ ಹೇಳಿರಲಿಲ್ಲ."

"ನಿಮ್ಮ ಮನ್ಯಾಗ ಕೆಲಸದಾಕಿ ಮ್ಯಾಲ ಚಾಡಿ ಹೇಳಿದ್ರ ಕೆಲಸಾ ಬಿಡಸ್ತಾರ. ಇಲ್ಲಿ ಬಿಡಸಾಕ ಬರ್ತದೇನು?"

ಆಮೇಲೆ ಇನ್ನೊಂದು ಹೇಳಿದಳು. ಗೋಪಮ್ಮನಿಗೆ ಇನ್ನೂ ಶಿಕ್ಷೆಯೇ ಆಗಿಲ್ಲ, ವಿಚಾರಣೆ ನಡೆದಿದೆ ಅಷ್ಟೇ, ಅವಳಿಂದ ಕೆಲಸ ಮಾಡಿಸುವಂತೆಯೇ ಇಲ್ಲ. ಮತ್ತೆ... "ನೀವು ಲಗ್ನ ಆಗಿ ಬರೂಕ ಮುಂಚೆ, ಈ ಮನಿ ಕಸ ಹೊಡ್ಯಾಕ ಸಾಹೇಬ್ರು ಸಂಜಿ ಮುಂದ ಕರೀತಿದ್ರು. ಒಬ್ಬೊಬ್ಬರನ್ನ. ಬಾಗಲಾ ಹಾಕ್ತಿದ್ರು. ಆಕಿನ್ನೂ ಎರಡು ಸಲ."

ಸುಳ್ಳಿ. ಸುಳ್ಳು ಹೇಳುತ್ತಾಳೆ ಮುದುಕಿ.

13 ಜುಲೈ

ಮಂಚದ ಕೆಳಗೆ ನಾನೇ ಗುಡಿಸಿದೆ.

2 ಆಗಸ್ಟ್

ಹೊಟ್ಟೆಯಲ್ಲಿ ಇಟ್ಟುಕೊಂಡು ಇಪ್ಪತ್ತು ದಿನ. ಇವತ್ತು ಚಹಾ ಕೊಡುವಾಗ ಕೇಳಿಯೇಬಿಟ್ಟೆ. "ಸಂಜಿ ಮುಂದ ಯಾಕ ಕರೀತಿದ್ರಿ ಅವರನ್ನ?"

ಇಲ್ಲ ಅಂತಾನೆ, ಸಿಟ್ಟಾಗುತ್ತಾನೆ, ಆಣೆ ಹಾಕುತ್ತಾನೆ ಅಂದುಕೊಂಡಿದ್ದೆ. ಆ ಆಣೆ ನಂಬಲು ತಯಾರಾಗಿಯೇ ಕೇಳಿದ್ದೆ.

ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಾ, "ಯಾರು ಹೇಳಿದ್ರು?" ಅಂದ.

ಅಷ್ಟೇ. ಯಾರು ಹೇಳಿದರು. ಬಾಯಿ ಮುಚ್ಚಿಕೊಂಡೆ. ಆದರೆ ಕಣ್ಣು ಬೇವಿನ ಮರದ ಕಡೆ ಹೋಯಿತು. ಅವನು ನೋಡಿದ.

3 ಆಗಸ್ಟ್

ಹಾಜಿರಾ ಬೀಯನ್ನು ಕೆಲಸದಿಂದ ತೆಗೆದರು. ಒಳಗೆ ಬೀಡಿ ಮಾರಿದಳು ಅಂತ. ಟ್ರಂಕು ಹೊತ್ತು ನಮ್ಮ ಮನೆಯ ಮುಂದೆಯೇ ಹೋದಳು. ನಾನು ಬಾಗಿಲಿಗೆ ಬಂದೆ.

"ಒಂದು ಮಾತು ಹೊಟ್ಟ್ಯಾಗ ಇಟ್ಕೊಳ್ಳಾಕ ಬರಂಗಿಲ್ಲ ನಿಮಗ. ಆಗ ಬಾಯಿಲೆ ಹೇಳಿದ್ರಿ, ಈಗ ಕಣ್ಣಿಲೆ" ಅಂದಳು. "ನಾನೂ ಹೇಳ್ತೀನಿ. ಎಲ್ಲಿ ಹೇಳಬೇಕೋ ಅಲ್ಲಿ."

ಮಾನ್ವಿ ಬಸ್ಸು ಹತ್ತಿದಳಂತೆ.

9 ಸೆಪ್ಟೆಂಬರ್

ಎಲ್ಲ ಕುಸಿದುಬಿದ್ದಿದೆ. ಹಾಜಿರಾ ಬೀ ಮ್ಯಾಜಿಸ್ಟ್ರೇಟರ ಮುಂದೆ ಬರೆಸಿಕೊಟ್ಟಳು. ವಿಚಾರಣೆ ಅಧಿಕಾರಿ ಬಂದರು. ಮೂರು ದಿನ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರು. ಹದಿನಾಲ್ಕರಲ್ಲಿ ಹನ್ನೊಂದು ಜನ ಬಾಯಿಬಿಟ್ಟರಂತೆ. ವೆಂಕಮ್ಮ ಕೂಡ. ನಿನ್ನೆ ಆರ್ಡರ್ ಬಂತು. ಜೈಲು ಬಂದ್. ಹೆಂಗಸರೆಲ್ಲ ಬೇರೆ ಜಿಲ್ಲೆಗೆ. ಜೈಲರ್ ಸಸ್ಪೆಂಡ್. ಬೂದೆಪ್ಪ ರಜೆ ಚೀಟಿ ಬಿಸಾಕಿ ಎಲ್ಲಿಗೋ ಓಡಿದ.

ಅತ್ತೆ ನನ್ನನ್ನೇ ಬೈದರು. "ನಿನ್ನ ಕಾಲಗುಣ ಬೇ. ನೀ ಕಾಲಿಟ್ಟಿ, ಜೈಲಿಗಿ ಕೀಲಿ ಬಿತ್ತು."

"ಬೀಳಲಿ" ಅಂದೆ. "ನಿಮಗ ಗೊತ್ತಿತ್ತಲ್ರಿ. ಆಗೂ ನೀವು ಇದಽ ಮನ್ಯಾಗ ಇದ್ರಿ."

"ನಾ ಸಂಜಿ ಮುಂದ ಗುಡಿಗಿ ಹೋಗತಿದ್ದೆ."

ದಿನಾ ಹೋಗುತ್ತಿದ್ದರಂತೆ. ತಪ್ಪದೆ.

22 ಸೆಪ್ಟೆಂಬರ್

ಎರಡು ವ್ಯಾನು. ಹೆಂಗಸರು ಗಂಟು ಹಿಡಿದು ಸಾಲಾಗಿ ಹತ್ತಿದರು. ಯಾರೂ ಅಳಲಿಲ್ಲ. ಗೋಪಮ್ಮನ ತಲೆಯ ಗಾಯ ಮಾಗಿದೆ, ಗಾಯದ ಜಾಗದಲ್ಲಿ ಕೂದಲು ಬಂದಿಲ್ಲ.

ಏನೋ ಹೇಳಬೇಕೆಂದು ಹತ್ತಿರ ಹೋದೆ. ಕ್ಷಮಿಸು ಅಂತ ಇರಬೇಕು. ಅಷ್ಟು ಸುಲಭ ಅಂದುಕೊಂಡಿದ್ದೆ.

ಅವಳೇ ಅಂದಳು: "ವಿಚಾರಣ್ಯಾಗ ನಿಮ್ಮ ಹೆಸರೂ ಬರಿಸೀನ್ರಿ, ಅಮ್ಮಾವ್ರ. ಸಾಹೇಬ್ರುದು ಒಂದು, ಬೂದೆಪ್ಪನದು ಎರಡು. ಮೂರನೇದು ನಿಮ್ಮದು."

"ನಾ ಏನ್ ಮಾಡೀನಿ ಗೋಪಮ್ಮ?"

"ಕೋರ್ಟನ್ಯಾಗ ಓದಿದ್ರು ನಿಮ್ಮ ಕಾಗದ. ನಾನಽ ಕೇಳಿ ಬೋಳಿಸಿಕೊಂಡೆ ಅಂತ. ಬರದಾಕಿ ನೀವು ಅಂತ ಬೂದೆಪ್ಪನಽ ಹೇಳಿಕೋತ ಅಡ್ಡಾಡಿದ. ಬೂದೆಪ್ಪ ಕೂದಲಷ್ಟಽ ಕತ್ತರಸಿದ. ನೀವು ನನ್ನ ಸುಳ್ಳಿ ಮಾಡಿದ್ರಿ."

ಬಾಗಿಲು ಹಾಕಿದರು. ಧೂಳು. ಬೇವಿನ ಮರದ ಕೆಳಗೆ ನಿಂತು ಸಿಟ್ಟಿಗೆದ್ದೆ. ಅವಳ ಮೇಲೆ, ಆಣೆ! ನನ್ನ ಮೇಲಲ್ಲ. ಅವಳ ಮೇಲೆ.

29 ಸೆಪ್ಟೆಂಬರ್, ರಾಯಚೂರು

ತವರಿಗೆ ಬಂದು ನಾಲ್ಕು ದಿನ. ಇಲ್ಲಿಗೇ ವಿಚಾರಣೆ ಅಧಿಕಾರಿಯ ನೋಟಿಸು ಬಂತು. ಶ್ರೀಮತಿ ಬಂಡೆಮ್ಮ, ಗಂಡ ಕನಕರಾಯ. ಹತ್ತು ದಿನದೊಳಗೆ ಲಿಖಿತ ಹೇಳಿಕೆ.

ಬೆನ್ನಿಗೇ ಜೈಲರ್ ಬಂದರು, ಮಿಠಾಯಿ ಪೊಟ್ಟಣ ಹಿಡಿದು. ಅಪ್ಪ ಕುರ್ಚಿ ಒರೆಸಿ ಕೊಟ್ಟ. ತಹಸೀಲ್ ಆಫೀಸಿನ ಗುಮಾಸ್ತೆ ನಮ್ಮಪ್ಪ, ಅಳಿಯನ ಯೂನಿಫಾರ್ಮು ನೋಡಿ ಮಗಳನ್ನು ಕೊಟ್ಟವನು.

"ಒಂದಽ ಸಾಲು" ಅಂದರು ಜೈಲರ್. "ಹೇನು ನೀನಽ ಕಣ್ಣಾರೆ ನೋಡಿದಿ ಅಂತ ಬರಿ. ಉಳಿದವರೆಲ್ಲ ಕೈದಿಗಳು, ಅವರ ಮಾತು ಯಾರು ನಂಬ್ತಾರ? ಗೋಪಮ್ಮನ ತಲಿ ಒಂದಽ ಕಣ್ಣಿಗೆ ಕಾಣೂ ಸಾಕ್ಷಿ. ಅದು ಸುಳ್ಳು ಆತಂದ್ರ ಎಲ್ಲಾ ಸುಳ್ಳು. ಮುಂದಿನ ತಿಂಗಳಾ ಡ್ಯೂಟಿ ಮ್ಯಾಲ ಇರ್ತೀನಿ."

"ಆಕಿ?"

"ಯಾರು?"

ಅಪ್ಪ ನಡುವೆ ಬಾಯಿ ಹಾಕಿದ. "ಬರಿಯವ್ವ. ನೀನು ಚೆಂದ ಬರಿತಿ. ನಿನ್ನ ಕಲಿಸಿದ್ದಾದರೂ ಯಾಕ?"

ಮಿಠಾಯಿ ಅವ್ವ ತಿಂದಳು. ನಾನು ಮುಟ್ಟಲಿಲ್ಲ.

3 ಅಕ್ಟೋಬರ್, ಬೆಳಿಗ್ಗೆ ಹತ್ತು

ಹನ್ನೊಂದಕ್ಕೆ ಜೈಲರ್ ಬಂದು ಕಾಗದ ಒಯ್ಯುತ್ತಾರಂತೆ. ಇಂಗ್ಲಿಷಿನಲ್ಲಿ ಶುರು ಮಾಡಿದೆ. ಎಷ್ಟು ನುಣ್ಣಗೆ ಬಂತೆಂದರೆ ಹೆದರಿ ಹರಿದುಹಾಕಿದೆ. ಕನ್ನಡದ ಕಚ್ಚಾ ಪ್ರತಿ ಇಲ್ಲೇ ಬರೆಯುತ್ತೇನೆ. ನಕಲು ಮಾಡಿ ನಾನೇ ಅಂಚೆಗೆ ಹಾಕುತ್ತೇನೆ, ಅವರು ಬರುವ ಮೊದಲು.

ಸ್ವಾಮಿ, ಗೋಪಮ್ಮನ ತಲೆಯಲ್ಲಿ ಹೇನು ನಾನು ನೋಡಿಲ್ಲ. ಮಾನ್ವಿ ಕೋರ್ಟಿಗೆ ಕೊಟ್ಟ ವಿವರಣೆ ನನ್ನ ಗಂಡನದಲ್ಲ, ಅದರ ಮಾತು ಮಾತೂ ನನ್ನದು. ಆಕೆ ತಲೆ ಬೋಳಿಸಲು ಕೇಳಿಕೊಂಡಿರಲಿಲ್ಲ. ಅದು ಬರೆಯುವಾಗಲೇ ನನಗೆ ಗೊತ್ತಿತ್ತು.

ಗೊತ್ತಿತ್ತೆ? ಹೌದು. "ಆಕಿ ಕೇಳಿದ್ಳಾ?" ಅಂತ ಕೇಳಿದ್ದೆನಲ್ಲ. ಅವರು ಹೌದು ಅನ್ನಲಿಲ್ಲ. ಆಮೇಲೂ ಬರೆದೆ, ಕೆನ್ನೆ ಹಿಂಡಿಸಿಕೊಂಡು.

ಬೀದಿಯಲ್ಲಿ ಟಾಂಗಾ ನಿಂತ ಸದ್ದು. ಹತ್ತೂವರೆಗೇ ಬಂದುಬಿಟ್ಟರು. ಅಪ್ಪ ಬಾಗಿಲಲ್ಲಿ, "ಬರ್ರಿ ಬರ್ರಿ, ಬರಿಯಾಕತ್ತಾಳ, ಆಗೇ ಹೋತು" ಅನ್ನುತ್ತಿದ್ದಾನೆ.

ಇನ್ನೊಂದು ಸಾಲು ಬಾಕಿ ಇದೆ. ಸಂಜೆಗಳದ್ದು. ಚಹಾ ಕೊಡುವಾಗ ನಾನು ಕೇಳಿದ್ದು, ಅವರು ಇಲ್ಲ ಅನ್ನದೇ ಇದ್ದದ್ದು. ಅದನ್ನು ನಾನಲ್ಲದೆ ಬೇರೆ ಯಾರೂ ಬರೆಯಲಾರರು. ಬರೆದ ಮೇಲೆ ಅಪ್ಪ ಈ ಮನೆಯಲ್ಲಿ ನನ್ನನ್ನು ಇರಗೊಡುವುದಿಲ್ಲ. ಬರೆಯುತ್ತಿದ್ದೇನೆ.