ಬೇನೆ ತಿನ್ನುತ್ತಿದ್ದ ಆಕಳು

ಮಾವ,

ನೀವಿದ್ದಾಗ ನಿಮಗೆ ಒಂದು ಪತ್ರವನ್ನೂ ಬರೆದವಳಲ್ಲ ನಾನು. ವಾಟ್ಸಾಪ್‌ನಲ್ಲಿ ನೀವು ಕಳಿಸುತ್ತಿದ್ದ ಗುಡ್ ಮಾರ್ನಿಂಗ್ ಹೂವಿಗೆ ಕೈ ಮುಗಿಯುವ ಚಿತ್ರ ಒತ್ತುತ್ತಿದ್ದೆ, ನನ್ನ ಸೊಸೆತನ ಅಷ್ಟಕ್ಕೇ ಮುಗಿಯುತ್ತಿತ್ತು. ಈಗ ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೋಗುವ ರೈಲಿನಲ್ಲಿ ಕೂತು ಮೂರನೇ ಸಲ ಶುರು ಮಾಡುತ್ತಿದ್ದೇನೆ. ಕೂತಲ್ಲಿ ಕೂರಲಾಗುತ್ತಿಲ್ಲ. ಎರಡು ಸಲ ಎದ್ದು ಹೋಗಿ ಟೀ ತಂದೆ, ಎರಡನ್ನೂ ಕುಡಿಯಲಿಲ್ಲ. ಕಿಟಕಿಯ ಹೊರಗೆ ಸಾಲುಸಾಲು ದನಗಳು ಬೇರೆ.

ನೆನಪಿದೆಯೇ, ಮೆಲ್ಬರ್ನಿನ ಅಂಚಿನ ನಮ್ಮ ಕ್ರೇಗಿಬರ್ನ್‌ಗೆ ಬಂದ ಆ ಆರು ತಿಂಗಳು ದಿನಾ ಬೆಳಿಗ್ಗೆ ನಮ್ಮ ಸಬರ್ಬಿನ ಕೊನೆಯ ಬೇಲಿಯವರೆಗೆ ನಡೆದು ಹೋಗಿ ಆಚೆ ಮೇಯುವ ದನ ನೋಡಿಕೊಂಡು ಬರುತ್ತಿದ್ದಿರಿ. ಪಾರ್ಕಿನಲ್ಲಿ ಸಿಕ್ಕ ಅಂಕಲ್‌ಗಳಿಗೆಲ್ಲ, "ನಮ್ಮ ಸೊಸಿ ದನದ ಚಿತ್ರದ ಮ್ಯಾಲೆ ಪಿಎಚ್‌ಡಿ ಮಾಡ್ಯಾಳ್ರಿ" ಎಂದು ಹೇಳುತ್ತಿದ್ದಿರಿ. ಧಾರವಾಡದ ಕಡೆಯ ದನದ ಆಸ್ಪತ್ರೆಯಲ್ಲಿ ಇಡೀ ಆಯುಷ್ಯ ಕಂಪೌಂಡರ್ ಆಗಿದ್ದವರು ನೀವು. ಹದಿನೇಳನೇ ಶತಮಾನದ ಡಚ್ಚರು ಆಕಳ ಚಿತ್ರ ಯಾಕೆ ಬರೆಸಿದರು, ಯಾರು ಕೊಂಡು ಗೋಡೆಗೆ ಹಾಕಿಕೊಂಡರು, ಆ ಬಂಗಾರದ ಬೆಳಕಿನ ಅರ್ಥವೇನು, ಎಲ್ಲ ನನಗೆ ಬಾಯಿಪಾಠ. ಆಕಳ ಬಗ್ಗೆ ನಿಮ್ಮನ್ನು ಒಂದು ಮಾತು ಕೇಳಬೇಕೆಂದು ಮಾತ್ರ ಯಾವತ್ತೂ ತೋಚಲಿಲ್ಲ.

ನಾನು ಕೆಲಸ ಮಾಡುವ ಗ್ಯಾಲರಿಗೆ ನಿಮ್ಮನ್ನೂ ಅನ್ವಿಯನ್ನೂ ಕರೆದುಕೊಂಡು ಹೋಗಿದ್ದೆನಲ್ಲ. ಆ ಡಚ್ಚರ ಕಾಲದ ದೊಡ್ಡ ಚಿತ್ರದ ಮುಂದೆ ನಿಂತು ಸಂಜೆಯ ಶಾಂತಿ, ಗ್ರಾಮಜೀವನದ ನೆಮ್ಮದಿ ಎಂದೆಲ್ಲ ಮೊಮ್ಮಗಳಿಗೂ ನಿಮಗೂ ಪಾಠ ಮಾಡುತ್ತಿದ್ದೆ. ಕೊಳಲೂದುವ ದನಗಾಹಿ, ನಗುವ ಹುಡುಗಿ, ಗುಂಪಿನಿಂದ ದೂರ ಮಲಗಿದ ಒಂದು ಕೆಂದಾಕಳು. ನೀವು ಪಾಠ ಕೇಳುತ್ತಿರಲಿಲ್ಲ. ನಿಮ್ಮ ಕೈ ಹಳೇ ರೂಢಿಯಂತೆ ಸೀದಾ ಆ ಆಕಳ ಬಾಲದ ಬುಡಕ್ಕೆ ಹೋಯಿತು! ಬೆರಳು ತಾಗುವ ಮೊದಲೇ ಅಲಾರಾಂ ಕೂಗಿಕೊಂಡಿತು, ಗಾರ್ಡ್ ಓಡಿ ಬಂದ.

"ಇದು ಆರಾಮ ಮಕ್ಕೊಂಡಿಲ್ಲ ತಂಗಿ, ಬ್ಯಾನಿ ತಿನ್ನಾಕತ್ತೈತಿ. ಕೆಚ್ಚಲ ನೋಡು. ಬಾಲದ ಬುಡಕ್ಕ ಹ್ಯಾಂಗ ತೆಗ್ಗ ಬಿದ್ದೈತಿ ನೋಡು, ಇವತ್ತ ಈತೈತಿ ಇದು. ಇವರು ನೋಡಿದ್ರ ಕೊಳಲ ಊದಕೋತ ಕುಂತಾರ!"

ಸಹೋದ್ಯೋಗಿಗಳು ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು ಮಾವ, ಸುಳ್ಳು ಯಾಕೆ ಹೇಳಲಿ. "ಸುಮ್ನಿರಿ ಮಾವ, ಇದು ನಿಮ್ಮ ದನದ ಆಸ್ಪತ್ರೆ ಅಲ್ಲ" ಎಂದುಬಿಟ್ಟೆ. ಹೊರಡುವವರೆಗೂ ನೀವು ಬೆಂಚಿನ ಮೇಲೆ ಕೈಕಟ್ಟಿ ಕೂತಿದ್ದಿರಿ. ಅವತ್ತಿನಿಂದ ಊರಿಗೆ ಹೋಗುವ ದಿನದವರೆಗೆ ಆಕಳ ಮಾತನ್ನೇ ಎತ್ತಲಿಲ್ಲ.

ಊರಿಗೆ ಹೋದ ನಾಲ್ಕನೇ ತಿಂಗಳು ನೀವು ಇಲ್ಲವಾದಿರಿ. ಅನ್ವಿಯ ಶಾಲೆಯ ನೆಪ ಹೇಳಿ ನಾನು ಉಳಿದೆ, ನಿಮ್ಮ ಮಗ ಒಬ್ಬರೇ ಹೋದರು. ಆಮೇಲೆ ಒಂದು ದಿನ ಆ ಚಿತ್ರದ ಮುಂದೆ ನಿಂತೆ. ಕೆಚ್ಚಲು ನೋಡಿದೆ, ಬಾಲದ ಬುಡ ನೋಡಿದೆ. ಪಶುವೈದ್ಯದ ಪುಸ್ತಕ ತೆಗೆದು ಹೋಲಿಸಿದೆ. ನೀವು ಹೇಳಿದ್ದೆಲ್ಲ ನಿಜ. ಶಾಂತಿಯ ಚಿತ್ರವೆಂದು ಎಲ್ಲರೂ ನಂಬಿದ್ದು ಒಂದು ಒಂಟಿ ಜೀವದ ಹೆರಿಗೆ ನೋವಿನ ಚಿತ್ರ ಎಂದು ಲೇಖನ ಬರೆದೆ. ಓದಿದವರು ಭಲೇ ಎಂದರು. ಸಿಡ್ನಿಗೆ ಉಪನ್ಯಾಸಕ್ಕೆ ಕರೆದರು. ಇದು ನಿನಗೆ ಹೇಗೆ ಕಾಣಿಸಿತು ಎಂದು ಗ್ಯಾಲರಿಯ ಮೇಲಿನವರು ಕೇಳಿದಾಗ, ಹತ್ತು ವರ್ಷದಿಂದ ಅದನ್ನೇ ನೋಡುತ್ತಿದ್ದೇನಲ್ಲ ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು!

ಹೊರಡುವ ಹಿಂದಿನ ದಿನ ಅಡುಗೆಮನೆಯಲ್ಲಿ ಉಪನ್ಯಾಸದ ಪ್ರಾಕ್ಟೀಸ್ ಮಾಡುತ್ತಿದ್ದೆ. ಸೀರಿಯಲ್ ತಿನ್ನುತ್ತ ಕೇಳುತ್ತಿದ್ದ ಅನ್ವಿ ಹೇಳಿದಳು. "ಬಟ್ ಅಮ್ಮ, ಅಜ್ಜ ಸೆಡ್ ದಟ್. ಯೂ ಟೋಲ್ಡ್ ಹಿಮ್ ಟು ಬಿ ಕ್ವಯಟ್."

"ದೊಡ್ಡವರ ವಿಷಯ ನಿನಗ್ಯಾಕೆ? ತಿಂದು ಏಳು" ಎಂದು ಗದರಿದೆ. ಒಂಬತ್ತು ವರ್ಷದ ಮಗು ತಟ್ಟೆ ಎತ್ತಿಕೊಂಡು ಒಳಗೆ ಹೋಯಿತು. ನಿಮಗೆ ಮಾಡಿದ್ದನ್ನೇ ಅದಕ್ಕೂ ಮಾಡಿದೆನಲ್ಲ ಎಂದು ಆಗ ಹೊಳೆಯಿತು. ಅಂದಿನಿಂದ ಊಟ ಸೇರುತ್ತಿಲ್ಲ.

ನಿನ್ನೆ ಸಿಡ್ನಿಯಲ್ಲಿ ಮೈಕಿನ ಮುಂದೆ ನಿಂತೆ. ಚಿತ್ರ ಪರದೆಯ ಮೇಲೆ ಬಂದ ಕೂಡಲೇ ಹೇಳಿಬಿಟ್ಟೆ. ಇದನ್ನು ಕಂಡುಹಿಡಿದದ್ದು ನಾನಲ್ಲ, ನನ್ನ ಮಾವ. ಅವರು ದನದ ಆಸ್ಪತ್ರೆಯ ಕಂಪೌಂಡರ್. ನಾನು ಅವರ ಬಾಯಿ ಮುಚ್ಚಿಸಿ, ಆಮೇಲೆ ಅವರ ಮಾತನ್ನು ನನ್ನದೆಂದು ಬರೆದೆ. ಲೇಖನವನ್ನು ತಿದ್ದಬೇಕು, ಮೇಲಿನವರಿಗೂ ಹೇಳಬೇಕು. ಕೆಲಸ ಉಳಿಯುತ್ತದೋ ಇಲ್ಲವೋ...

ಮುಗಿದ ಮೇಲೆ ಒಬ್ಬ ಮುದುಕಿ ಹತ್ತಿರ ಬಂದರು. ಹಾಲಿನ ಫಾರ್ಮ್ ನಡೆಸಿದವರಂತೆ, ಒರಟು ಕೈ. "ಅದು ತಿರುಗಿ ತಿರುಗಿ ತನ್ನ ಹೊಟ್ಟೆ ನೋಡ್ಕೊಳ್ತಿದೆ. ಕರು ಅಡ್ಡ ಆಗಿರಬಹುದು. ಆಕಳು ಉಳಿಯುತ್ತೆ ಅಂದ್ರಾ ನಿಮ್ಮ ಮಾವ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಮಾವನಿಗೆ ಮಾತು ಮುಗಿಸಲು ನಾನು ಬಿಡಲಿಲ್ಲ ಎಂದೆ. ಹೇಳುವಾಗಲೇ ಅಳು ಬಂತು ಮಾವ, ನೀವು ಹೋದಾಗ ಬಾರದ್ದು.

ಆಕೆ ನನ್ನ ಹೆಗಲು ತಟ್ಟಿ, ಮಗಳ ಫಾರ್ಮಿನಲ್ಲಿ ಮುಂದಿನ ವಾರ ಎರಡು ಆಕಳು ಈಯಲಿವೆ, ಬಂದು ನೋಡು ಎಂದರು. ದನದ ಚಿತ್ರಗಳ ಪಂಡಿತೆ ನಾನು, ಆಕಳು ಈಯುವುದನ್ನು ಇವತ್ತಿನವರೆಗೆ ಕಣ್ಣಾರೆ ಕಂಡಿಲ್ಲ. ಅನ್ವಿಯನ್ನೂ ಕರೆದುಕೊಂಡು ಹೋಗುತ್ತೇನೆ. ಅವಳು ಏನು ಕೇಳಿದರೂ, ಎಷ್ಟು ಕೇಳಿದರೂ, ಸುಮ್ಮನಿರು ಎನ್ನುವುದಿಲ್ಲ.

ನಿಮ್ಮ ಸೊಸೆ